ಧಾರೆಗೆ ಮೊದಲು ಅಳಿಸಿದ ಮೆಸೇಜು

ಮಗಳ ಮದುವೆಗೆಂದು ಮಾಡಿದ್ದ ಗ್ರೂಪು ಇನ್ನೂ ನನ್ನ ಫೋನಿನಲ್ಲಿದೆ. ಮದುವೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೊರಗೆ ಹೋದರು. ಈಗ ಉಳಿದಿರುವುದು ಹೊರಗೆ ಹೋಗುವುದು ಹೇಗೆಂದು ಗೊತ್ತಿಲ್ಲದ ನಾಲ್ಕಾರು ಹಿರಿಯರು ಮತ್ತು ನಾನು. ಬೆರಳಿನಿಂದ ಹಿಂದಕ್ಕೆ ಸರಿಸುತ್ತ ಹೋದರೆ ಚಪ್ಪರದ ಫೋಟೋ, ಬೀಗರ ಬಸ್ಸಿನ ಫೋಟೋ, ಹೂವಿನ ಮಂಟಪದ ಫೋಟೋ, ಮಂಟಪದ ಫೋಟೋದ ಕೆಳಗೆ ಬೂದು ಬಣ್ಣದ ಒಂದು ಸಾಲು ಸಿಗುತ್ತವೆ. ‘ನೀವು ಈ ಸಂದೇಶವನ್ನು ಅಳಿಸಿದ್ದೀರಿ.’ ಫೋನಿಗೂ ನನ್ನನ್ನು ಕಂಡರೆ ಮರ್ಯಾದೆ, ಬಹುವಚನದಲ್ಲೇ ಬೈಯುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಾವಿರುವುದು ಕಡೂರಿನಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ಬಹಳ ವರ್ಷ ಮಿಷಿನ್ನಿನ ಮುಂದೆ ಕೂತವಳಿಗೆ ಒಂದು ದುರಭ್ಯಾಸ ಅಂಟಿದೆ. ಯಾರ ಕೆಲಸವೇ ಆಗಲಿ, ನನ್ನ ಅಳತೆಗೆ ಸರಿಯಾಗಿ ಆಗಬೇಕು. ಓರೆಯಾದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಇನ್ಸ್‌ಪೆಕ್ಟರಮ್ಮ ಅನ್ನುತ್ತಾರೆ ಎಂದು ನನಗೆ ಗೊತ್ತು, ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಅಜ್ಜಂಪುರದಲ್ಲಿದ್ದರು. ಅಪ್ಪ ಬೇಗ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಓದಿಸಿ ದಡ ಸೇರಿಸಿದವರು ಅವರು. ಅವರಿಗೆ ಒಬ್ಬಳೇ ಮಗಳು. ಪಿಯುಸಿ ಓದಲು ನಮ್ಮ ಮನೆಗೆ ಬಂದವಳು ಡಿಗ್ರಿ ಮುಗಿಸಿ, ಕಡೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಹಿಡಿದು ನಮ್ಮಲ್ಲೇ ಉಳಿದಳು. ನನ್ನ ಮಗಳಿಗಿಂತ ನಾಲ್ಕು ವರ್ಷ ಹಿರಿಯಳು. ಮನೆಯಲ್ಲಿ ಅವಳು ದೊಡ್ಡವಳು, ನನ್ನ ಮಗಳು ಚಿಕ್ಕವಳು. ದೊಡ್ಡವಳಿಗೆ ಇನ್ನೂ ಮದುವೆ ಕೂಡಿಬಂದಿರಲಿಲ್ಲ. ಅದಕ್ಕಾಗಿ ಅವಳು ಮುಖ ಸಣ್ಣದು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ತಂಗಿಯ ಮದುವೆಯ ಲಗ್ನಪತ್ರಿಕೆ ಹಂಚಿದ್ದು, ಬಳೆ ಶಾಸ್ತ್ರಕ್ಕೆ ಹೆಂಗಸರನ್ನು ಕರೆದದ್ದು, ನನ್ನ ಫೋನಿನಲ್ಲಿ ಆ ಗ್ರೂಪು ಮಾಡಿಕೊಟ್ಟದ್ದು ಎಲ್ಲ ಅವಳೇ.

ಭಾವನಿಗೆ ಲಕ್ವ ಹೊಡೆದು ಒಂದು ವರ್ಷವಾಗಿತ್ತು. ಮಂಚ ಬಿಟ್ಟು ಏಳುತ್ತಿರಲಿಲ್ಲ. ಮದುವೆಯ ವಾರದಲ್ಲಿ ಗಂಟಲಲ್ಲಿ ಊಟ ಇಳಿಯುತ್ತಿಲ್ಲ ಎಂದು ಸುದ್ದಿ ಬಂತು. ನನ್ನ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಅವರನ್ನು ಬಿಟ್ಟು ಬರುವಂತಿರಲಿಲ್ಲ. ವಾರಗಿತ್ತಿಯನ್ನು ನಾನು ಅಕ್ಕ ಅನ್ನುತ್ತೇನೆ. ಗಂಡಿನ ಮನೆ ಲಿಂಗದಹಳ್ಳಿಯ ಕಡೆಯದಾದ್ದರಿಂದ ಮದುವೆಯನ್ನು ತರೀಕೆರೆಯ ಒಂದು ಛತ್ರದಲ್ಲಿ ಇಟ್ಟುಕೊಂಡಿದ್ದೆವು. ಹಿಂದಿನ ದಿನ ಮಧ್ಯಾಹ್ನ ಛತ್ರದಲ್ಲಿ ಸಾಮಾನು ಇಳಿಸುತ್ತಿರುವಾಗ ದೊಡ್ಡವಳು ನನ್ನ ಹತ್ತಿರ ಬಂದು ನಿಂತಳು.

"ಒಂದ್ ಗಳಿಗೆ ಅಜ್ಜಂಪುರಕ್ಕೆ ಹೋಗಿ ಅಪ್ಪನ್ನ ನೋಡ್ಕೊಂಡ್ ಬತ್ತೀನಿ ಚಿಕ್ಕಮ್ಮ. ವರಪೂಜೆ ಹೊತ್ತಿಗೆ ಇಲ್ಲಿರ್ತೀನಿ."

"ಈಗ ಹೋದ್ರೆ ನೀನು ಬತ್ತೀಯಾ? ಬಸ್ ಸಿಗ್ಲಿಲ್ಲ ಅಂತ ಅಲ್ಲೇ ಉಳ್ಕೋತೀಯ. ನಾಳೆ ಧಾರೆ ಆಗಿದ್ ತಕ್ಷಣ ಕಾರಲ್ಲೇ ಕಳಿಸ್ತೀನಿ ಕಣೇ. ಊಟನೂ ಕಟ್ಟಿಸ್ಕೊಂಡು ಹೋಗು."

ಅವಳು ಇನ್ನೊಂದು ಸಲ ಕೇಳಲಿಲ್ಲ. ಸಂಜೆ ಅಡುಗೆಯವರ ಹತ್ತಿರ ಹೋಗಿ, ಬೆಳಗಿನ ತಿಂಡಿಯ ಕೇಸರಿಬಾತನ್ನು ಒಂದು ಸ್ಟೀಲ್ ಡಬ್ಬಿಗೆ ತೆಗೆದಿಡಿ, ಅಪ್ಪನಿಗೆ ಅದೆಂದರೆ ಪ್ರಾಣ, ಮೆತ್ತಗಿರುವುದರಿಂದ ಗಂಟಲಲ್ಲಿ ಇಳಿದರೂ ಇಳಿಯಬಹುದು ಎಂದು ಹೇಳಿ ಬಂದಳು. ಡಬ್ಬಿಯನ್ನೂ ಅವಳೇ ತೊಳೆದು ಕೊಟ್ಟಳು.

ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಅಕ್ಕನ ಫೋನು ಬಂತು. ಅವರು ಕೇಳಿದ ಮೊದಲ ಮಾತು, "ಧಾರೆ ಎಷ್ಟು ಹೊತ್ತಿಗೆ?"

"ಹತ್ತೂ ಮುಕ್ಕಾಲಿಗೆ ಅಕ್ಕ."

"ಹಂಗಾದ್ರೆ ಅಲ್ಲಿವರ್ಗೂ ನಾನು ಬಾಗಿಲು ತೆಗಿಯಲ್ಲ. ನಿಮ್ ಭಾವ ಹೋಗ್ಬಿಟ್ರು ಕಣೇ. ಐದೂವರೆ ಇರ್ಬೇಕು. ನಾನು ಅತ್ರೆ ಪಕ್ಕದ್ಮನೆಯೋರು ಬತ್ತಾರೆ, ಬಂದ್ರೆ ನಾಕು ಕಡೆ ಫೋನ್ ಮಾಡ್ತಾರೆ. ಅದಕ್ಕೇ ಅಳಾಕೂ ಹೋಗಿಲ್ಲ. ನೀವು ಧಾರೆ ಮುಗಿಸ್ಕೊಂಡು ಬನ್ನಿ."

"ದೊಡ್ಡವಳಿಗೆ?" ಎಂದೆ.

ಅಕ್ಕ, "ನಂಗೆ ತಲೆ ಓಡ್ತಿಲ್ಲ. ಅವಳಿಗೊಬ್ಳಿಗೆ ಗುಟ್ಟಾಗಿ ಹೇಳಿ ಕಳಿಸ್ತೀಯೋ, ಬಿಡ್ತೀಯೋ, ನಿಂಗೆ ಬಿಟ್ಟಿದ್ದು" ಎಂದರು.

ನಮ್ಮಲ್ಲಿ ಸೂತಕ ಹಿಡಿಯುವುದು ಸಾವಿನಿಂದಲ್ಲ, ಸುದ್ದಿಯಿಂದ. ದಾಯಾದಿ ಸತ್ತ ವಿಷಯ ಕಿವಿಗೆ ಬಿದ್ದ ಗಳಿಗೆಯಿಂದ ಮೈಲಿಗೆ, ಬೀಳುವವರೆಗೆ ಏನೂ ಇಲ್ಲ. ಅದಕ್ಕೇ ಮದುವೆ ಮನೆಗೆ ಸಾವಿನ ಸುದ್ದಿ ಬಂದರೆ ಹಿರಿಯರು ಮೊದಲು ಮಾಡುವ ಕೆಲಸ ಅದು ಯಾರ ಕಿವಿಗೂ ಬೀಳದ ಹಾಗೆ ತಡೆಯುವುದು. ಕಂಕಣ ಕಟ್ಟಿದ ಮೇಲೆ ಸೂತಕ ತಾಗುವುದಿಲ್ಲ ಎನ್ನುವವರೂ ಇದ್ದಾರೆ. ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ಒಪ್ಪುವ ಪೈಕಿ ಅಲ್ಲ. ಆ ಪಂಚಾಯಿತಿಯನ್ನು ಧಾರೆಯ ದಿನ ಶುರುಮಾಡುವ ಧೈರ್ಯ ನನಗಿರಲಿಲ್ಲ. ಕೇಳಿಸಿಕೊಂಡ ನನಗೆ ಮೈಲಿಗೆ ಆಗಿಹೋಗಿತ್ತು. ಅದನ್ನು ನುಂಗಿಕೊಂಡು ಹೋಗಿ ಮಗಳ ಹಣೆಗೆ ಕುಂಕುಮ ಇಟ್ಟೆ.

ನನ್ನ ತಮ್ಮನಿಗೆ ಮಾತ್ರ ತಿಳಿಸಬೇಕಿತ್ತು. ಕಾರಿನ ವ್ಯವಸ್ಥೆ ಆಗಬೇಕು, ನಾವು ಹೊರಟ ಮೇಲೆ ಊಟದ ಪಂಕ್ತಿಗಳನ್ನು ಅವನು ನೋಡಿಕೊಳ್ಳಬೇಕು. ಅವನು ಬೀಗರ ಬಸ್ಸಿನ ಹತ್ತಿರ ಇದ್ದ. ನಾನು ಮಹಡಿಯ ಮೇಲೆ ಮದುಮಗಳ ಕೋಣೆಯಲ್ಲಿ, ಸುತ್ತ ಹತ್ತು ಜನ ಹೆಂಗಸರು. ಫೋನಿನಲ್ಲಿ ಬಾಯಿ ಬಿಡುವಂತಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬರೆಯಲು ಫೋನು ತೆಗೆದೆ. ಪಟ್ಟಿಯಲ್ಲಿ ತಮ್ಮ ಎಲ್ಲಕ್ಕಿಂತ ಮೇಲಿದ್ದ. ಒತ್ತಬೇಕು ಎನ್ನುವ ಹೊತ್ತಿಗೆ ಗ್ರೂಪಿಗೆ ಯಾರದೋ ಫೋಟೋ ಬಂದು, ಗ್ರೂಪು ಮೇಲಕ್ಕೆ ಹಾರಿ, ತಮ್ಮ ಒಂದು ಮೆಟ್ಟಿಲು ಕೆಳಗಿಳಿದ. ಮಂಡಿ ನೋವಿನವಳು ನಾನು, ಎಲ್ಲ ಕಡೆ ಓಡಾಡಲಾರೆ, ಏನೇ ತಯಾರಾದರೂ ಫೋಟೋ ಹಾಕಿ ಎಂದು ಎಲ್ಲರಿಗೂ ಅಪ್ಪಣೆ ಕೊಟ್ಟಿದ್ದವಳೂ ನಾನೇ. ಬೆರಳು ಎಲ್ಲಿ ಇಳಿಯಿತೆಂದು ನೋಡದೆ ಬರೆದುಬಿಟ್ಟೆ.

‘ಭಾವ ಬೆಳಗ್ಗೆ ಹೋದ್ರು. ಧಾರೆ ಮುಗಿಯೋವರೆಗೂ ಯಾರಿಗೂ ಗೊತ್ತಾಗ್ಬಾರ್ದು. ದೊಡ್ಡವಳಿಗಂತೂ ಬೇಡವೇ ಬೇಡ. ಅವಳು ಅಳ್ತಾ ಕೂತ್ರೆ ಇಲ್ಲಿ ಕೆಲಸಕ್ಕೆ ಜನ ಇಲ್ಲ.’

ಕಳಿಸಿದ ಮೇಲೆ ನೋಡುತ್ತೇನೆ, ಮೆಸೇಜಿನ ಮೇಲೆ ಹೂವಿನ ಮಂಟಪ ಇದೆ. ತಮ್ಮನಿಗೂ ನನಗೂ ನಡುವೆ ಮಂಟಪ ಎಲ್ಲಿಂದ ಬಂತು ಎಂದು ಒಂದು ಕ್ಷಣ ಅರ್ಥವಾಗಲಿಲ್ಲ. ಮೆಸೇಜು ತಮ್ಮನಿಗಲ್ಲ, ಇಡೀ ಗ್ರೂಪಿಗೆ ಹೋಗಿತ್ತು.

ಹಿಂದೊಮ್ಮೆ ಹೀಗೇ ಗಾಬರಿಯಲ್ಲಿ ‘ನನಗೆ ಮಾತ್ರ ಅಳಿಸಿ’ ಎಂಬುದನ್ನು ಒತ್ತಿ ಪಜೀತಿ ಪಟ್ಟಿದ್ದೆ. ನನ್ನ ಫೋನಿನಿಂದ ಹೋಗಿ, ಊರವರ ಫೋನಿನಲ್ಲೆಲ್ಲ ಉಳಿದಿತ್ತು. ಆಗ ದೊಡ್ಡವಳು ಪಕ್ಕದಲ್ಲಿ ಕೂತು, ಮೊದಲು ಮೆಸೇಜನ್ನು ಒತ್ತಿ ಹಿಡಿಯಬೇಕು ಚಿಕ್ಕಮ್ಮ, ಆಮೇಲೆ ಬುಟ್ಟಿಯ ಗುರುತು, ಆಮೇಲೆ ‘ಎಲ್ಲರಿಗೂ ಅಳಿಸಿ’ ಎಂದು ಮೂರು ಸಲ ಮಾಡಿಸಿ ಕಲಿಸಿದ್ದಳು. ಅವಳು ಕಲಿಸಿದಂತೆಯೇ ಮಾಡಿದೆ. ಎಲ್ಲ ಸೇರಿ ಒಂದು ನಿಮಿಷ ಆಗಿರಲಿಕ್ಕಿಲ್ಲ. ಯಾರು ಯಾರು ಓದಿದ್ದಾರೆ ಎಂದು ನೋಡುವ ದಾರಿಯೂ ಫೋನಿನಲ್ಲಿದೆ, ಅದನ್ನೂ ಅವಳೇ ತೋರಿಸಿದ್ದಳು. ಅಳಿಸುವ ಆತುರದಲ್ಲಿ ಅದನ್ನು ನೋಡಲಿಲ್ಲ. ಮೆಸೇಜಿನ ಜೊತೆಗೆ ಅದೂ ಹೋಯಿತು.

ಬೀಗರ ಕಡೆಯ ಯಾರೋ, ಬೀಗಿತ್ತಿ ಏನೋ ಬರೆದು ಅಳಿಸಿದರಲ್ಲ, ನಮ್ಮನ್ನು ಬೈದದ್ದೇ ಎಂದು ತಮಾಷೆ ಮಾಡಿದರು. ತಪ್ಪಿ ಬೇರೆ ಫೋಟೋ ಬಂದಿತ್ತು ಎಂದು ಬರೆದೆ. ಅದಕ್ಕೆ ನಗುವ ಮುಖಗಳು ಬಂದವು.

ಮೆಟ್ಟಿಲಿಳಿದು ಹೋಗಿ ತಮ್ಮನ ಕಿವಿಯಲ್ಲಿ ವಿಷಯ ಹೇಳಿದೆ. ವಾಪಸು ಬರುವಾಗ ಎದುರಾದವರ ಮುಖಗಳನ್ನೆಲ್ಲ ನೋಡುತ್ತ ಬಂದೆ. ಕಾಫಿ ಲೋಟ ಹಿಡಿದು ನಕ್ಕವರು, ಸೀರೆ ಚೆನ್ನಾಗಿದೆ ಅಂದವರು, ಸುಮ್ಮನೆ ಗೋಡೆಗೆ ಒರಗಿ ನಿಂತವರು, ಎಲ್ಲರೂ ಓದಿದವರ ಹಾಗೆ ಕಂಡರು. ಬೀಗರ ಆ ಹಿರಿಯರು ಕನ್ನಡಕ ಏರಿಸಿ ಫೋನು ನೋಡುತ್ತಿದ್ದರು. ಅವರ ಹಿಂದೆ ಹೋಗಿ ಇಣುಕಿದೆ. ಕ್ರಿಕೆಟ್ಟು. ನನಗೆ ಭಾವ ಸತ್ತದ್ದಕ್ಕಿಂತ ಈ ಭಯವೇ ಹೆಚ್ಚಾಗಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ.

ಮಹಡಿಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ದೊಡ್ಡವಳು ಬಂದಳು. ಬಾಗಿಲಲ್ಲೇ ನಿಂತಳು.

"ಚಿಕ್ಕಮ್ಮ, ಕಳಸ ಬೇರೆಯವ್ರಿಗೆ ಹಿಡಿಯಕ್ಕೆ ಹೇಳಿ. ನಾನು ಹೊರಗಾದೆ."

ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ಮಂಟಪದವರೆಗೆ ಬರಬೇಕಾಗಿದ್ದವಳು ಅವಳು. ತಂಗಿಯೇ ಹಟ ಹಿಡಿದು ಅಕ್ಕನೇ ಆಗಬೇಕು ಅಂದಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, ಅವಳ ಮೇಲೆ ಸುರಿದೆ.

"ಇವತ್ತೇ ಆಗ್ಬೇಕಿತ್ತೇನೆ? ಮುಂದಕ್ಕೆ ಹೋಗೋ ಮಾತ್ರೆ ನುಂಗು ಅಂತ ಬಡ್ಕೊಂಡಿರ್ಲಿಲ್ವಾ? ಮೆಡಿಕಲ್ ಶಾಪಲ್ಲಿ ಕೂತ್ಕೊಂಡು ಅಷ್ಟೂ ಆಗ್ಲಿಲ್ವಾ ನಿಂಗೆ?"

"ನುಂಗಿದ್ದೆ ಚಿಕ್ಕಮ್ಮ. ಆದ್ರೂ ಆಯ್ತು."

ಹತ್ತು ಜನ ಹೆಂಗಸರ ಎದುರಿಗೆ ಅವಳು ತಲೆ ತಗ್ಗಿಸಿದಳು. ಚಿಕ್ಕವಳು ಕನ್ನಡಿಯ ಮುಂದಿನಿಂದಲೇ, "ಯಾರೂ ಏನೂ ಅನ್ನಲ್ಲ, ಒಳಗ್ ಬಾರೆ ಅಕ್ಕ" ಎಂದು ಕರೆದಳು. "ಬೇಡ ಕಣೇ. ನಾನು ಕೆಳಗೆ ಹೊರಗಡೆ ಕೆಲ್ಸ ನೋಡ್ಕೋತೀನಿ" ಎಂದು ದೊಡ್ಡವಳು ಹೊಸ್ತಿಲು ದಾಟದೆ ಹೊರಟಳು. ಕಳಸವನ್ನು ನನ್ನ ತಮ್ಮನ ಹೆಂಡತಿಗೆ ಕೊಟ್ಟೆವು. ಕಾಡಿಗೆ ಕರಗುವ ಹಾಗೆ ಅತ್ತದ್ದಕ್ಕೆ ಚಿಕ್ಕವಳನ್ನೂ ಗದರಿಸಿದೆ.

ಧಾರೆಯ ಹೊತ್ತಿಗೆ ನಾನು ವೇದಿಕೆಯ ಮೇಲಿದ್ದೆ. ಅಲ್ಲಿಂದ ಛತ್ರದ ಗೇಟು ಕಾಣುತ್ತಿತ್ತು. ಬಿಸಿಲಿನಲ್ಲಿ ದೊಡ್ಡವಳು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿಳಿದು ಬಂದವರಿಗೆ ದಾರಿ ತೋರಿಸುತ್ತ, ಕಾರುಗಳನ್ನು ಪಕ್ಕಕ್ಕೆ ಹಾಕಿಸುತ್ತ ನಿಂತಿದ್ದಳು. ಸದ್ಯ, ಇವಳಿಗೆ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಣ್ಣ ಸತ್ತದ್ದು ಗೊತ್ತಿಲ್ಲದ ನನ್ನ ಗಂಡ ಧಾರೆ ಎರೆದರು, ಯಾರೋ ಏನೋ ಅಂದದ್ದಕ್ಕೆ ಬಾಯಿ ತುಂಬ ನಕ್ಕರು. ಆ ನಗು ಆಲ್ಬಮ್ಮಿನಲ್ಲಿದೆ. ಅವರು ಆ ಆಲ್ಬಮ್ಮನ್ನು ಇವತ್ತಿನವರೆಗೆ ಬಿಚ್ಚಿ ನೋಡಿಲ್ಲ.

ತಾಳಿ ಕಟ್ಟಿದ್ದು ಆಯಿತು. ನನ್ನ ತಮ್ಮ ನನ್ನ ಗಂಡನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ನಾನು ದೊಡ್ಡವಳನ್ನು ಹುಡುಕಿಕೊಂಡು ಅಡುಗೆ ಮನೆಯ ದಾರಿಯಲ್ಲಿ ಹೋದೆ. ಕಟ್ಟೆಯ ಮೇಲೆ ಆ ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿತ್ತು. ಅಡುಗೆಯವರು ಮರೆತರೆಂದು ಅವರ ಮೇಲೂ ಸಿಟ್ಟು ಬಂತು. ಅವಳು ಗೇಟಿನ ಹತ್ತಿರವೇ ಇದ್ದಳು. ಬ್ಯಾಗು ಆಗಲೇ ಹೆಗಲಲ್ಲಿತ್ತು.

"ಅಪ್ಪ ಹೋಗ್ಬಿಟ್ರು ಕಣೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಯಾವಾಗ ಚಿಕ್ಕಮ್ಮ?"

"ಈಗ. ಸ್ವಲ್ಪ ಹೊತ್ತಿಗೆ ಮುಂಚೆ ಫೋನ್ ಬಂತು."

"ಹೂಂ" ಎಂದಳು. "ನಡೀರಿ, ಕಾರು ಆಚೆ ನಿಂತಿದೆ" ಎಂದು ಮುಂದೆ ನಡೆದಳು.

ಅಜ್ಜಂಪುರದ ದಾರಿಯಲ್ಲಿ ನನ್ನ ಗಂಡ ಮುಂದಿನ ಸೀಟಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ತಿರುಗಿ ಹಿಡಿಯಲೂ ಇಲ್ಲ. ಆಘಾತ ಇರಬೇಕು, ಮನೆಗೆ ಹೋದ ಮೇಲೆ ಕಟ್ಟೆ ಒಡೆಯುತ್ತದೆ ಅಂದುಕೊಂಡೆ.

ಬಾಗಿಲು ತಟ್ಟಿದಾಗ ಅಕ್ಕ ಒಳಗಿನಿಂದ, "ಧಾರೆ ಆಯ್ತಾ?" ಎಂದು ಕೇಳಿದರು. ಆಯ್ತು ಅಂದ ಮೇಲೆ ಅಗುಳಿ ತೆಗೆದರು. ಮಗಳನ್ನು ಕಂಡದ್ದೇ, ಬೆಳಗಿನಿಂದ ತಡೆದು ಹಿಡಿದದ್ದನ್ನೆಲ್ಲ ಒಂದೇ ಸಲ ಬಿಟ್ಟು ಕೂಗಿದರು. ಬೀದಿಯವರು ಓಡಿ ಬಂದರು. ಇಷ್ಟು ಹೊತ್ತು ಪಕ್ಕದಲ್ಲೇ ಇದ್ದೆವಲ್ಲ, ನಮಗೆ ತಿಳಿಯಲೇ ಇಲ್ಲವಲ್ಲ ಎಂದು ಪಕ್ಕದ ಮನೆಯಾಕೆ ಅತ್ತರು. ಭಾವನ ಮೈ ಸೆಟೆದುಹೋಗಿತ್ತು. ಒಬ್ಬ ಹೆಂಗಸು ಒಬ್ಬರೇ ಆರು ಗಂಟೆಗೂ ಹೆಚ್ಚು ಹೊತ್ತು ಆ ಕೋಣೆಯಲ್ಲಿ ಸದ್ದಿಲ್ಲದೆ ಹೇಗೆ ಕೂತಿದ್ದರು ಎಂದು ಯೋಚಿಸಲೂ ನನಗೆ ಆಗಲಿಲ್ಲ.

ದೊಡ್ಡವಳು ಅಪ್ಪನ ಕಾಲು ಮುಟ್ಟಿದಳು. ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಆಮೇಲೆ ಎದ್ದು ಚಾಪೆ ಹಾಸಿದಳು, ತಲೆಯ ಹತ್ತಿರ ದೀಪ ಇಟ್ಟಳು, ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲಿಗೆ ಹೋದಳು. ಬಂದವರಿಗೆಲ್ಲ ಜಾಗ ಮಾಡಿಕೊಟ್ಟಳು. ಅವಳು ಹೀಗೆ ಓಡಾಡುವುದನ್ನು ನೋಡಲಾರದೆ ಹಿತ್ತಲಿಗೆ ಹೋಗಿ, ಒಲೆಯ ಮುಂದೆ ಸೌದೆ ಮುರಿಯುತ್ತಿದ್ದವಳ ಭುಜ ಹಿಡಿದೆ.

"ಎಲ್ಲ ಬಿಡು ಮಗ. ಒಂದ್ ಗಳಿಗೆ ಕೂತ್ಕೊಂಡು ಅತ್ಬಿಡು."

ಅವಳು ತಲೆ ಎತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನಾನು ಅಳ್ತಾ ಕೂತ್ರೆ ಕೆಲ್ಸಕ್ಕೆ ಜನ ಇಲ್ವಲ್ಲ ಚಿಕ್ಕಮ್ಮ."

ಅವಳು ಇನ್ನೊಂದು ಸೌದೆ ಮುರಿದು ಒಲೆಗೆ ಇಟ್ಟಳು.

ಅವತ್ತು ಮಣ್ಣು ಮುಗಿಸಿ ಬಂದ ಮೇಲೆ ಮೂಲೆಯಲ್ಲಿ ಕೂತು ಗ್ರೂಪು ತೆಗೆದು ನೋಡಿದೆ. ಬೂದು ಸಾಲಿನ ಮೇಲಿದ್ದ ಹೂವಿನ ಮಂಟಪದ ಫೋಟೋ ಹಾಕಿದವಳು ದೊಡ್ಡವಳು. ನಾನು ಹೇಳಿದ ಕೆಲಸವನ್ನೇ ಮಾಡಿ, ಫೋಟೋ ಹೋಯಿತೇ ಎಂದು ಫೋನು ನೋಡುತ್ತ ನಿಂತವಳ ಕಣ್ಣ ಮುಂದೆಯೇ ನನ್ನ ಮೆಸೇಜು ಬಂದು, ಅಲ್ಲೇ ಅಳಿಸಿಹೋಗಿದೆ. ಓದಿದ ಮೇಲೆ ಅವಳು ತಂಗಿಯನ್ನು ಮುಟ್ಟಲಿಲ್ಲ, ಕಳಸ ಮುಟ್ಟಲಿಲ್ಲ, ಕೋಣೆಯ ಹೊಸ್ತಿಲು ದಾಟಲಿಲ್ಲ. ಅದಕ್ಕೆ ಒಂದು ಸುಳ್ಳು ಹುಡುಕಿಕೊಂಡು, ಹತ್ತು ಜನರ ಎದುರು ಬೈಸಿಕೊಂಡಳು. ಅಡುಗೆಯವರು ಡಬ್ಬಿಯನ್ನು ಮರೆತಿರಲಿಲ್ಲ, ಅವಳೇ ಬೇಡ ಅಂದಿರಬೇಕು. ನಾನು ಬೆಳಗಿನಿಂದ ಮೈಲಿಗೆಯಲ್ಲೇ ಎಲ್ಲವನ್ನೂ ಮುಟ್ಟಿದ್ದೆ. ಅವಳು ಎದ್ದು ಹೋಗಬಹುದಿತ್ತು. ಹೋಗಿದ್ದರೆ ಯಾಕೆಂದು ಎಲ್ಲರೂ ಕೇಳುತ್ತಿದ್ದರು, ತಂಗಿಯ ಧಾರೆ ನಿಲ್ಲುತ್ತಿತ್ತು. ಅಪ್ಪನ ಹತ್ತಿರ ಇರಬಹುದಾಗಿದ್ದ ಅಷ್ಟು ಹೊತ್ತು ಅವಳು ಗೇಟಿನಲ್ಲಿ ನಿಂತು ನನ್ನ ನೆಂಟರ ಕಾರುಗಳಿಗೆ ಜಾಗ ತೋರಿಸಿದಳು. ಕೊನೆಗೆ ಯಾವಾಗ ಎಂದು ಕೇಳಿ ನನಗೊಂದು ಅವಕಾಶ ಕೊಟ್ಟಳು. ಅದಕ್ಕೂ ನಾನು ಸುಳ್ಳು ಹೇಳಿದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅವಳು ಕಡೂರಿಗೆ ವಾಪಸು ಬರಲಿಲ್ಲ. ಅಮ್ಮ ಒಬ್ಬರೇ ಆಗುತ್ತಾರೆಂದು ಅಜ್ಜಂಪುರದಲ್ಲೇ ಒಂದು ಮೆಡಿಕಲ್ ಶಾಪಿಗೆ ಸೇರಿದಳು. ನನ್ನೊಂದಿಗೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಜಗಳವಾಡಿ, ಕಾಲು ಹಿಡಿದು, ಏನೋ ಒಂದು ಮಾಡಬಹುದಿತ್ತು. ಹಬ್ಬಕ್ಕೆ ಕರೆದರೆ ಬರುತ್ತಾಳೆ, ಬಂದವಳು ನೇರ ಅಡುಗೆ ಮನೆಗೆ ಹೋಗುತ್ತಾಳೆ, ಕೂತುಕೋ ಅಂದರೆ ಪರವಾಗಿಲ್ಲ ಚಿಕ್ಕಮ್ಮ ಅನ್ನುತ್ತಾಳೆ. ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟೋ ಸಲ ಹೋಗಿದ್ದೇನೆ. ಅವಳ ಕೈಯಲ್ಲಿ ಯಾವಾಗಲೂ ಒಂದು ಪಾತ್ರೆ ಇರುತ್ತದೆ. ಬರೆದು ಕಳಿಸೋಣವೆಂದರೆ ಅವಳಿಗೆ ಮೆಸೇಜು ಕಳಿಸುವ ಧೈರ್ಯ ನನಗಿಲ್ಲ.

ಆ ಮೆಸೇಜಿನ ವಿಷಯ ಅಕ್ಕನಿಗೆ ಇಂದಿಗೂ ಗೊತ್ತಿಲ್ಲ. ದೊಡ್ಡವಳು ಹೇಳಿಲ್ಲ. ಹೋದ ತಿಂಗಳು ಅಕ್ಕ ಫೋನು ಮಾಡಿದ್ದರು. ಅದೂ ಇದೂ ಮಾತಾಡಿ, ದನಿ ತಗ್ಗಿಸಿದರು.

"ಅವ್ರಪ್ಪ ಹೋದಾಗ್ಲಿಂದ ಈ ಹುಡುಗಿ ಒಂದಿನ ಅತ್ತಿದ್ದು ನಾನ್ ನೋಡಿಲ್ಲ ಕಣೇ. ಒಳಗೇ ಇಟ್ಕೊಂಡು ಏನಾಗ್ಬಿಡ್ತಾಳೋ ಅಂತ ಭಯ ಆಯ್ತದೆ. ನೀನಾದ್ರೂ ಒಂದ್ ಮಾತು ಹೇಳು. ನೀನ್ ಹೇಳಿದ್ದು ಅವ್ಳು ಯಾವತ್ತೂ ಮೀರಲ್ಲ."

ಆಯ್ತು ಅಕ್ಕ ಎಂದೆ. ನಾನು ಬರೆದದ್ದನ್ನು ಅವಳು ಇನ್ನೂ ಮೀರಿಲ್ಲ ಎಂದು ಅವರಿಗೆ ಹೇಳಲಾಗಲಿಲ್ಲ.